ಬೇಡದ್ದರ ಪಟ್ಟಿ ಉದ್ದವಾದಾಗ: ಹಿರಿಯರ ಊಟ, ಪಾನೀಯದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಇದನ್ನು ತಿನ್ನಬಹುದೇ?’ ಎಂದೇ ಕೇಳಿವೆ. ಅರವತ್ತೈದು, ಎಪ್ಪತ್ತು ದಾಟಿದವರ ವಿಷಯದಲ್ಲಿ ಈ ಪ್ರಶ್ನೆಗೆ ಬರೀ ಹೌದು ಅಥವಾ ಇಲ್ಲ ಎಂದರೆ ಸಾಲದು. ಎಷ್ಟು, ಯಾವ ಹೊತ್ತಿಗೆ, ಯಾವ ಮಾತ್ರೆಯ ಜೊತೆ ಎಂಬುದೂ ಮುಖ್ಯ. ಉತ್ತರಿಸಿದವರು ಹಿರಿಯರ ಆರೋಗ್ಯ ನೋಡುವ ವೈದ್ಯರು ಮತ್ತು ಆಹಾರತಜ್ಞರು. ನಿಮ್ಮ ವೈದ್ಯರು ನಿಮಗೆಂದೇ ಬೇರೆ ಅಳತೆ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ: ಅಪ್ಪನಿಗೆ 76 ವರ್ಷ. ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ಕಿಡ್ನಿ ತೊಂದರೆ ಮೂರನೇ ಹಂತದಲ್ಲಿದೆ. ಮೂರು ಕಡೆಯಿಂದ ಮೂರು ಪಥ್ಯದ ಚೀಟಿ ಬಂದಿವೆ. ಮೂರನ್ನೂ ಪಾಲಿಸಿದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಆರು ತಿಂಗಳಲ್ಲಿ 62 ಕೆ.ಜಿ. ಇದ್ದವರು 57ಕ್ಕೆ ಇಳಿದಿದ್ದಾರೆ. ಯಾವ ಚೀಟಿ ಹಿಡಿಯಬೇಕು?

ಉತ್ತರ: ಚೀಟಿಗಳನ್ನು ಪಕ್ಕಕ್ಕಿಟ್ಟು ಮೊದಲು ತೂಕ ನೋಡಿ. ತಾವಾಗಿ ಇಳಿಸಲು ಪ್ರಯತ್ನಿಸದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ಇಳಿದರೆ ಕಾರಣ ಹುಡುಕಲೇಬೇಕು. ನಿಮ್ಮ ತಂದೆಯವರು ಶೇ 8ರಷ್ಟು ಇಳಿದಿದ್ದಾರೆ. ಕಾರಣ ಪಥ್ಯವೇ ಇರಬಹುದು. ಹಲ್ಲುಸೆಟ್ಟು ಸಡಿಲವಾಗಿರಬಹುದು, ಮೆಟ್‌ಫಾರ್ಮಿನ್‌ನಂಥ ಮಾತ್ರೆ ಹಸಿವು ಕಟ್ಟಿರಬಹುದು, ಮನಸ್ಸು ಕುಗ್ಗಿರಬಹುದು, ಥೈರಾಯ್ಡ್ ಹೆಚ್ಚಾಗಿರಬಹುದು, ಇನ್ನೂ ಪತ್ತೆಯಾಗದ ಬೇರೆ ಕಾಯಿಲೆಯೂ ಇರಬಹುದು. ಈ ವಯಸ್ಸಿನಲ್ಲಿ ಕರಗುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಹೋಗುತ್ತದೆ. ಕುರ್ಚಿಯಿಂದ ಏಳುವಾಗ ಕೈಯೂರಬೇಕಾಗಿ ಬಂದರೆ ಅದು ಶುರುವಾಗಿದೆ ಎಂದರ್ಥ. ಮುಂದೆ ಬೀಳುವ ಭಯ.

ಒಂದೊಂದು ಚೀಟಿಯನ್ನು ಬೇರೆಯಾಗಿ ನೋಡಿದರೆ ತಪ್ಪೇನಿಲ್ಲ. ತೊಂದರೆ ಇರುವುದು ಅವು ಒಂದಕ್ಕೊಂದು ಹೊಂದದಿರುವುದರಲ್ಲಿ. ಸಕ್ಕರೆ ಕಾಯಿಲೆಯ ಚೀಟಿ ‘ಅನ್ನ ಕಡಿಮೆ ಮಾಡಿ, ಕಾಳು ಹೆಚ್ಚಿಸಿ’ ಅನ್ನುತ್ತದೆ, ಕಿಡ್ನಿಯದ್ದು ‘ಕಾಳು, ಹಾಲು ಕಡಿಮೆ’ ಅನ್ನುತ್ತದೆ. ಬಿಪಿಯದ್ದು ‘ಹಣ್ಣು, ತರಕಾರಿ ಧಾರಾಳ’ ಎಂದರೆ ಕಿಡ್ನಿಯದ್ದು ‘ಹಣ್ಣು ಬೇಡ’ ಎನ್ನುತ್ತದೆ. ಈ ಗೊಂದಲ ಬಗೆಹರಿಸಲು ರಕ್ತಪರೀಕ್ಷೆಯ ವರದಿ ಕೈಯಲ್ಲಿರಬೇಕು. ಪೊಟ್ಯಾಶಿಯಂ ಸಾಮಾನ್ಯವಾಗಿ 3.5ರಿಂದ 5ರೊಳಗೆ ಇರಬೇಕು. ತಂದೆಯವರದ್ದು 4.4 ಇದ್ದರೆ ಹಣ್ಣು ನಿಲ್ಲಿಸಲು ಕಾರಣವೇ ಇಲ್ಲ. ಕಿಡ್ನಿ ತೊಂದರೆ ಎಂದ ಕೂಡಲೇ ಎಲ್ಲರ ಚೀಟಿಯಲ್ಲೂ ‘ಹಣ್ಣು ಬೇಡ’ ಎಂದು ಬರೆಯುವ ಅಭ್ಯಾಸ ನಮ್ಮ ಪ್ರಕಾರ ಬಿಡಬೇಕಾದದ್ದು.

ಪ್ರೋಟೀನ್ ವಿಷಯಕ್ಕೆ ಬಂದರೆ, ಮೂರನೇ ಹಂತದಲ್ಲಿ ಡಯಾಲಿಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಹೇಳುವುದು ದೇಹತೂಕದ ಪ್ರತಿ ಕೆ.ಜಿ.ಗೆ 0.8 ಗ್ರಾಂ. 57 ಕೆ.ಜಿ.ಗೆ ಸುಮಾರು 46 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 250 ಮಿ.ಲೀ. ಹಾಲಿನಲ್ಲಿ 8, ಒಂದು ಕಪ್ ಗಟ್ಟಿಯಾಗಿ ಬೇಯಿಸಿದ ಬೇಳೆಯಲ್ಲಿ 15ರಷ್ಟು, ದಿನದ ಅನ್ನ ಮತ್ತು ಬ್ರೆಡ್ಡಿನಿಂದ ಇನ್ನೊಂದು 15 ಗ್ರಾಂ ಸಿಗುತ್ತದೆ. ಅಂದರೆ ಇಷ್ಟು ತಿಂದರೂ ಮಿತಿ ಮೀರುವುದಿಲ್ಲ. ‘ಪ್ರೋಟೀನ್ ಕಡಿಮೆ’ ಎಂದದ್ದನ್ನು ಎಷ್ಟೋ ಮನೆಗಳಲ್ಲಿ ‘ಪ್ರೋಟೀನ್ ಬೇಡವೇ ಬೇಡ’ ಎಂದು ತಿಳಿದು ಗಂಜಿಯಲ್ಲೇ ದಿನ ಕಳೆಯುತ್ತಾರೆ. ಹಾಗೆ ಮಾಡಬೇಡಿ. ಮಾಂಸಖಂಡ ತೀರಾ ಕರಗಿದ್ದರೆ ವೈದ್ಯರು ಈ ಅಳತೆಯನ್ನು ಹೆಚ್ಚಿಸಲೂಬಹುದು.

ಹಲವು ಕಾಯಿಲೆಗಳಿರುವ ಹಿರಿಯರಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8ರೊಳಗಿದ್ದರೆ ಸಾಕೆನ್ನುವುದು ಈಗಿನ ರೂಢಿ. ತಂದೆಯವರದ್ದು 6.5 ಇದ್ದು, ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಿದ್ದರೆ, ಕಡಿಮೆ ಮಾಡಬೇಕಾದದ್ದು ಊಟವಲ್ಲ, ಔಷಧ. ಅದನ್ನು ನೀವೇ ಮಾಡಬೇಡಿ, ವೈದ್ಯರನ್ನು ಕೇಳಿ.

ತೂಕ ಹಿಡಿದು ನಿಲ್ಲಿಸಲು ಸುಲಭದ ದಾರಿ ಎಣ್ಣೆ ಅಥವಾ ಬೆಣ್ಣೆ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲರಿ ಇರುತ್ತದೆ. ಅದು ಸಕ್ಕರೆ ಏರಿಸುವುದಿಲ್ಲ, ಪೊಟ್ಯಾಶಿಯಂ ಕೂಡಿಸುವುದಿಲ್ಲ, ಕಿಡ್ನಿಗೂ ಹೊರೆಯಲ್ಲ. ದಿನಕ್ಕೆ ಮೂರು ಚಮಚ ಮೂರು ಹೊತ್ತಿನ ಊಟದಲ್ಲಿ ಹಂಚಿ ಹಾಕಿ. ಆಮೇಲೆ ಮೂರೂ ಚೀಟಿ, ಎಲ್ಲ ಮಾತ್ರೆಗಳು, ಕಡೆಯ ಎರಡು ರಕ್ತಪರೀಕ್ಷೆಯ ವರದಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ವೈದ್ಯರ ಬಳಿ ಹೋಗಿ. ‘ಇವುಗಳಲ್ಲಿ ಬಿಡಲೇಬೇಕಾದದ್ದು ಯಾವುದು, ಉಳಿದದ್ದನ್ನು ಹೊಡೆದುಹಾಕಿ’ ಎಂದು ಕೇಳಿ. ಪೆನ್ನು ಅವರ ಕೈಗೇ ಕೊಡಿ.

ಪ್ರಶ್ನೆ: ಬಿಪಿಗೆ ಒಳ್ಳೆಯದೆಂದು ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದೇವೆ. ಅಮ್ಮ ಟೆಲ್ಮಿಸಾರ್ಟನ್ ಮತ್ತು ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಾರೆ. ರುಚಿ ಸ್ವಲ್ಪ ಕಹಿ ಅನ್ನುತ್ತಾರೆ.

ಉತ್ತರ: ಆ ಕಹಿ ಪೊಟ್ಯಾಶಿಯಂ ಕ್ಲೋರೈಡ್‌ನದ್ದು. ಸೋಡಿಯಂ ತೆಗೆದ ಜಾಗಕ್ಕೆ ಅದನ್ನೇ ತುಂಬಿರುತ್ತಾರೆ. ಕೆಲವು ಪೊಟ್ಟಣಗಳಲ್ಲಿ ಕಾಲು ಭಾಗ, ಕೆಲವದರಲ್ಲಿ ಅರ್ಧಕ್ಕೂ ಹೆಚ್ಚು. ಶೇ 30ರಷ್ಟಿರುವ ಉಪ್ಪನ್ನು ದಿನಕ್ಕೆ 5 ಗ್ರಾಂ ಬಳಸಿದರೆ 800 ಮಿ.ಗ್ರಾಂ ಹತ್ತಿರ ಪೊಟ್ಯಾಶಿಯಂ ಹೊಟ್ಟೆಗೆ ಹೋಗುತ್ತದೆ. ನಿಮ್ಮ ತಾಯಿಯವರು ತೆಗೆದುಕೊಳ್ಳುವ ಎರಡೂ ಮಾತ್ರೆಗಳು ಪೊಟ್ಯಾಶಿಯಂ ಅನ್ನು ದೇಹದಲ್ಲೇ ಉಳಿಸುವಂಥವು. ಮೂರೂ ಸೇರಿದರೆ ಹೃದಯದ ಬಡಿತ ತಪ್ಪುವವರೆಗೂ ಹೋಗಬಹುದು, ಅದಕ್ಕೆ ಮುನ್ಸೂಚನೆಯೂ ಇರದೆ ಹೋಗಬಹುದು. ಆ ಉಪ್ಪನ್ನು ಅವರ ಅಡುಗೆಗೆ ಬಳಸಬೇಡಿ, ಕೆಲವು ದಿನ ಬಳಸಿಯಾಗಿದ್ದರೆ ಒಮ್ಮೆ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ. ಇಂಥ ಉಪ್ಪಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರಡಿಸಿದ ಶಿಫಾರಸು ಕೂಡ ಕಿಡ್ನಿ ತೊಂದರೆ ಇರುವವರಿಗೆ ಅನ್ವಯಿಸುವುದಿಲ್ಲ.

ಮಾಮೂಲಿ ಉಪ್ಪನ್ನೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಬಳಸಿ. ಒಂದು ಟೀ ಚಮಚ ತಲೆತಟ್ಟಿ ಅಳೆದರೆ ಅಷ್ಟಾಗುತ್ತದೆ. ಬೆಳಿಗ್ಗೆಯೇ ಅವರ ಪಾಲಿನದ್ದನ್ನು ಒಂದು ಪುಟ್ಟ ಡಬ್ಬಿಯಲ್ಲಿ ತೆಗೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಬ್ರೆಡ್, ಬಿಸ್ಕತ್ತು, ಸಾಸ್, ಪೊಟ್ಟಣದ ಸೂಪುಗಳಲ್ಲೂ ಉಪ್ಪಿದೆ ಎಂಬುದನ್ನು ಮರೆಯಬೇಡಿ. ಯಾರೂ ಲೆಕ್ಕಕ್ಕೆ ಹಿಡಿಯದ ಎರಡು ಜಾಗ ಇನ್ನೂ ಇವೆ. ಒಂದು ಅಡುಗೆ ಸೋಡ: ಒಂದು ಟೀ ಚಮಚದಲ್ಲಿ 1,200 ಮಿ.ಗ್ರಾಂಗೂ ಹೆಚ್ಚು ಸೋಡಿಯಂ ಇದೆ. ಎದೆಯುರಿಗೆಂದು ಅದನ್ನು ನೀರಿಗೆ ಹಾಕಿ ಕುಡಿಯುವವರಿದ್ದಾರೆ. ಇನ್ನೊಂದು ನೀರಿಗೆ ಹಾಕಿದರೆ ಬುರುಬುರು ನೊರೆ ಬರುವ ನೋವಿನ ಮಾತ್ರೆ. ಪ್ಯಾರಾಸಿಟಮಾಲ್‌ನ ಅಂಥ ಒಂದು ಮಾತ್ರೆಯಲ್ಲೇ 400 ಮಿ.ಗ್ರಾಂ ಆಸುಪಾಸು ಸೋಡಿಯಂ ಇರಬಹುದು. ದಿನಕ್ಕೆ ಐದು ನುಂಗಿದರೆ 5 ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ, ಅಂದರೆ ಇಡೀ ದಿನದ ಮಿತಿ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಕಿಡ್ನಿ ತೊಂದರೆಯಿರುವ ನಮ್ಮ ಯಜಮಾನರಿಗೆ ಪೊಟ್ಯಾಶಿಯಂ 5.6 ಬಂದಿದೆ. ಆಲೂಗಡ್ಡೆ ನೆನೆಸಿಟ್ಟು ಬೇಯಿಸಿದರೆ ತಿನ್ನಬಹುದು ಅನ್ನುತ್ತಾರೆ. ನಿಜವೇ?

ಉತ್ತರ: ಬರೀ ನೆನೆಸಿದರೆ ಹೆಚ್ಚೇನೂ ಹೋಗುವುದಿಲ್ಲ. ಪೊಟ್ಯಾಶಿಯಂ ಬಿಡುವುದು ಕುದಿಯುವ ನೀರಿಗೆ, ಅದೂ ಹೋಳು ಸಣ್ಣದಿದ್ದರೆ. ಸಿಪ್ಪೆ ತೆಗೆದು ಒಂದು ಸೆಂ.ಮೀ. ಹೋಳು ಮಾಡಿ. ದೊಡ್ಡ ಪಾತ್ರೆಯಲ್ಲಿ ಹೋಳಿನ ಐದಾರು ಪಟ್ಟು ನೀರು ಹಾಕಿ ಹತ್ತು ನಿಮಿಷ ಕುದಿಸಿ, ಆ ನೀರು ಬಸಿದು ಚೆಲ್ಲಿ. ಹೊಸ ನೀರು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ, ಅದನ್ನೂ ಚೆಲ್ಲಿ. ಅರ್ಧಕ್ಕಿಂತ ಹೆಚ್ಚು ಪೊಟ್ಯಾಶಿಯಂ ನೀರಿಗೆ ಹೋಗಿರುತ್ತದೆ. ಎಡವುವುದು ಎಲ್ಲಿ ಎಂದರೆ, ‘ಸತ್ವ ಹೋಗುತ್ತದೆ’ ಎಂದು ಬಸಿದ ನೀರನ್ನು ಸೂಪಿಗೆ ಹಾಕುತ್ತಾರೆ; ಚೆಲ್ಲಬೇಕಾದದ್ದೇ ಮತ್ತೆ ತಟ್ಟೆಗೆ ಬರುತ್ತದೆ. ಆವಿಯಲ್ಲಿ ಬೇಯಿಸುವುದು, ಕುಕ್ಕರಿನಲ್ಲಿ ಸ್ವಲ್ಪವೇ ನೀರು ಹಾಕಿ ಕೂಗಿಸುವುದು, ಇವುಗಳಿಂದ ಪೊಟ್ಯಾಶಿಯಂ ಅಷ್ಟಾಗಿ ಹೋಗುವುದಿಲ್ಲ. ಕ್ಯಾರೆಟ್, ಬೀಟ್‌ರೂಟ್, ಗೆಣಸು ಮೊದಲಾದ ಗಡ್ಡೆಗಳಿಗೂ ಇದೇ ಕ್ರಮ.

ಎಳನೀರನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಒಂದು ದೊಡ್ಡ ಲೋಟದಲ್ಲಿ 500 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಪೊಟ್ಯಾಶಿಯಂ ಇರುತ್ತದೆ. ನಕ್ಷತ್ರಹಣ್ಣು ಎಂದೂ ಕರೆಯುವ ಕಮರಾಕ್ಷಿಯ ವಿಷಯ ಬೇರೆಯೇ. ಅದರಲ್ಲಿರುವ ನಂಜಿನ ಅಂಶವನ್ನು ಕೆಟ್ಟ ಕಿಡ್ನಿ ಹೊರಹಾಕಲಾರದು. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಜೀವಕ್ಕೇ ಕುತ್ತಾದ ಪ್ರಕರಣಗಳಿವೆ. ಕಿಡ್ನಿ ಕಾಯಿಲೆಯವರು ಅದರ ಒಂದು ಹೋಳನ್ನೂ ತಿನ್ನಬಾರದು, ರಸವನ್ನೂ ಕುಡಿಯಬಾರದು.

ಪೊಟ್ಟಣದ ತಿನಿಸಿನ ಹಿಂಬದಿಯಲ್ಲಿ ‘ಪೊಟ್ಯಾಶಿಯಂ’ ಎಂದು ಶುರುವಾಗುವ ಹೆಸರಿದ್ದರೆ ವಾಪಸ್ ಇಡಿ. ಹಾಗೆ ಬೆರೆಸಿದ ಪೊಟ್ಯಾಶಿಯಂ ತರಕಾರಿಯಲ್ಲಿರುವುದಕ್ಕಿಂತ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಮಲಬದ್ಧತೆ ಇದ್ದರೆ ಅದಕ್ಕೂ ಮದ್ದು ಮಾಡಿ, ಕಿಡ್ನಿ ಸೋತಾಗ ಕರುಳಿನ ಮೂಲಕ ಹೊರಹೋಗುವ ಪೊಟ್ಯಾಶಿಯಂ ಪಾಲು ದೊಡ್ಡದು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಸಂಖ್ಯೆ ಸುಳ್ಳಾಗಿ ಏರುವುದುಂಟು, ಹಾಗಾಗಿ 5.6 ಅನ್ನು ಬೇಗನೆ ಮತ್ತೊಮ್ಮೆ ಪರೀಕ್ಷಿಸಿ. 6 ದಾಟಿದರೆ ಅಡುಗೆಮನೆಯ ಉಪಾಯ ಸಾಲದು, ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಕಾಫಿ ಕುಡಿಯುತ್ತೇನೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಇವೆ. ವಾರಕ್ಕೊಮ್ಮೆ ಮೂಳೆ ಸವೆತಕ್ಕೆ ಅಲೆಂಡ್ರೋನೇಟ್. ಎಲ್ಲವನ್ನೂ ಬೆಳಿಗ್ಗೆಯೇ ಮುಗಿಸುವ ಆಸೆ. (ವಯಸ್ಸು 69)

ಉತ್ತರ: ಹಾಗೆ ಮುಗಿಸಿದರೆ ಯಾವುದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾಫಿ, ಕ್ಯಾಲ್ಸಿಯಂ, ಕಬ್ಬಿಣ ಮೂರೂ ಥೈರಾಕ್ಸಿನ್ ಹೀರಿಕೊಳ್ಳದಂತೆ ತಡೆಯುತ್ತವೆ. ಟಿಎಸ್‌ಎಚ್ (ಥೈರಾಯ್ಡ್ ಡೋಸ್ ಸಾಲದಿದ್ದರೆ ರಕ್ತಪರೀಕ್ಷೆಯಲ್ಲಿ ಏರುವ ಹಾರ್ಮೋನು) ಏರಿದೆ ಎಂದು ಡೋಸ್ ಹೆಚ್ಚಿಸುತ್ತಾ ಹೋದವರಲ್ಲಿ ಎಷ್ಟೋ ಜನರ ತೊಂದರೆ ಕಾಫಿ ಲೋಟದಲ್ಲೇ ಇರುತ್ತದೆ.

ಮಾಮೂಲಿ ದಿನ: ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. 7ಕ್ಕೆ ಕಾಫಿ, ತಿಂಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಮಧ್ಯಾಹ್ನದ ಊಟದ ಜೊತೆ, ಏಕೆಂದರೆ ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಒಮ್ಮೆಗೆ 500 ಮಿ.ಗ್ರಾಂಗಿಂತ ಹೆಚ್ಚು ಬೇಡ. ಆಮ್ಲ ತಗ್ಗಿಸುವ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ಕ್ಯಾಲ್ಸಿಯಂ ಸಿಟ್ರೇಟ್ ಮೇಲು, ಅದಕ್ಕೆ ಊಟದ ಜೊತೆ ಬೇಕಿಲ್ಲ. ಕಬ್ಬಿಣದ ಮಾತ್ರೆ ಸಂಜೆ 5ರ ಹೊತ್ತಿಗೆ, ನಿಂಬೆರಸದ ನೀರಿನೊಂದಿಗೆ. ಅದರ ಹಿಂದೆ ಮುಂದೆ ಒಂದು ಗಂಟೆ ಚಹಾ, ಕಾಫಿ ಬೇಡ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣಕ್ಕೂ ನಡುವೆ ನಾಲ್ಕು ಗಂಟೆ ಅಂತರವಿರಲಿ.

ಅಲೆಂಡ್ರೋನೇಟ್ ದಿನ: ಎದ್ದ ಕೂಡಲೇ ಅದೇ ಮೊದಲು, ತುಂಬಿದ ಒಂದು ಲೋಟ ಸಾದಾ ನೀರಿನೊಂದಿಗೆ. ಖನಿಜಯುಕ್ತ ನೀರೂ ಬೇಡ. ಕನಿಷ್ಠ ಅರ್ಧ ಗಂಟೆ ಕೂತೇ ಇರಿ ಅಥವಾ ಓಡಾಡಿ, ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಅರ್ಧ ಗಂಟೆಯ ಮೇಲೆ ಥೈರಾಯ್ಡ್ ಮಾತ್ರೆ, ಅದಾಗಿ ಒಂದು ಗಂಟೆಗೆ ಕಾಫಿ. ವಾರಕ್ಕೊಂದು ದಿನ ಅಷ್ಟು ಕಾಯುವುದು ಕಷ್ಟವೆನಿಸಿದರೆ ಥೈರಾಯ್ಡ್ ಮಾತ್ರೆಯನ್ನು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ತೆಗೆದುಕೊಳ್ಳಬಹುದು. ಹೊತ್ತು ಬದಲಿಸುವುದಿದ್ದರೆ ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರದಲ್ಲಿ ಟಿಎಸ್‌ಎಚ್ ನೋಡಿಸಿ. ಹೀರಿಕೊಳ್ಳುವುದು ಸರಿಹೋದ ಮೇಲೆ ಹಳೆಯ ಡೋಸ್ ಜಾಸ್ತಿಯಾಗಬಹುದು.

ಪ್ರಶ್ನೆ: ಸಕ್ಕರೆ ಬದಲು ಜೇನು ಬಳಸಬಹುದಲ್ಲವೇ?

ಉತ್ತರ: ಒಂದು ಟೀ ಚಮಚ ಸಕ್ಕರೆ 4 ಗ್ರಾಂ. ಜೇನು ಮಂದವಾದ್ದರಿಂದ ಅದೇ ಚಮಚದಲ್ಲಿ 7 ಗ್ರಾಂ ಹಿಡಿಯುತ್ತದೆ, ಅದರಲ್ಲಿ ಐದೂವರೆ ಗ್ರಾಂನಷ್ಟು ಸಕ್ಕರೆಯೇ. ಚಮಚಕ್ಕೆ ಚಮಚ ಬದಲಿಸಿದರೆ ಸಕ್ಕರೆ ಹೆಚ್ಚೇ ಆಯಿತು.

ಸಕ್ಕರೆ ಡಬ್ಬಿಯನ್ನು ಮನೆಯಿಂದ ಹೊರಹಾಕಬೇಡಿ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತೊದಲು ಕಾಣಿಸಿದರೆ ಮೂರರಿಂದ ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಅಥವಾ 150 ಮಿ.ಲೀ. ಹಣ್ಣಿನ ರಸ ಕೊಡಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ನಿಧಾನಿಸುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ; ಗ್ಲೂಕೋಸ್ ಪುಡಿಯೇ ಬೇಕು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೆ ಬರೀ ಬೆವರು ಕಾಣಿಸಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಪ್ರಶ್ನೆ: ಹೃದಯ ವೈಫಲ್ಯ ಇರುವ ಅತ್ತೆಯವರಿಗೆ ದಿನಕ್ಕೆ ಒಂದೂವರೆ ಲೀಟರ್ ದ್ರವ ಎಂದಿದ್ದಾರೆ. ಲೆಕ್ಕ ಇಡುವುದು ಹೇಗೆ? ಸದಾ ಬಾಯಾರಿಕೆ ಅನ್ನುತ್ತಾರೆ.

ಉತ್ತರ: ಬೆಳಿಗ್ಗೆ ಒಂದು ಜಗ್‌ನಲ್ಲಿ 1,500 ಮಿ.ಲೀ. ನೀರು ತುಂಬಿಡಿ. ಅವರು ಕುಡಿಯುವ ನೀರನ್ನು ಅದರಿಂದಲೇ ಕೊಡಿ. ಕಾಫಿ, ಹಾಲು, ಸೂಪ್, ಗಂಜಿ ಏನೇ ಕುಡಿದರೂ ಅಷ್ಟೇ ನೀರನ್ನು ಜಗ್ಗಿನಿಂದ ತೆಗೆದು ಗಿಡಕ್ಕೆ ಹಾಕಿ. ಎಷ್ಟು ಉಳಿದಿದೆ ಎಂಬುದು ಅವರ ಕಣ್ಣಿಗೂ ಕಾಣುತ್ತದೆ, ‘ನೀರು ಕೊಡುವುದಿಲ್ಲ’ ಎಂಬ ಮುನಿಸೂ ಕಡಿಮೆಯಾಗುತ್ತದೆ. ಮನೆಯ ಲೋಟ, ಬಟ್ಟಲುಗಳನ್ನು ಒಮ್ಮೆ ಅಳೆದು ಗುರುತು ಮಾಡಿ. ‘ಅರ್ಧ ಲೋಟ’ ಅಂದುಕೊಂಡದ್ದು 180 ಮಿ.ಲೀ. ಇರುತ್ತದೆ.

ಹೆಚ್ಚು ಸೋರಿಹೋಗುವುದು ಮಾತ್ರೆ ನುಂಗುವಾಗ. ದಿನಕ್ಕೆ ಐದು ಸಲ ಮಾತ್ರೆ, ಸಲಕ್ಕೆ ಒಂದು ಲೋಟ ನೀರು ಎಂದರೆ ಒಂದು ಲೀಟರ್ ಅಲ್ಲೇ ಮುಗಿಯಿತು. ಸಾಧ್ಯವಾದ ಮಾತ್ರೆಗಳನ್ನು ಊಟದ ಹೊತ್ತಿಗೆ ಒಟ್ಟುಗೂಡಿಸಲು ವೈದ್ಯರನ್ನು ಕೇಳಿ, ಸಲಕ್ಕೆ 60 ಮಿ.ಲೀ. ನೀರಿಗೆ ಇಳಿಸಿ.

ಬಾಯಾರಿಕೆಗೆ ಮುಖ್ಯ ಕಾರಣ ಉಪ್ಪು. ಉಪ್ಪು ತಗ್ಗಿಸದೆ ನೀರು ಮಾತ್ರ ತಗ್ಗಿಸಿದರೆ ಅದು ಬರೀ ಹಿಂಸೆ. ಬಾಯಿ ಮುಕ್ಕಳಿಸಿ ಉಗುಳುವುದು, ಒಂದು ಐಸ್ ತುಂಡು ಚೀಪುವುದು (ಅದನ್ನೂ ಲೆಕ್ಕಕ್ಕೆ ಹಿಡಿಯಿರಿ), ತುಟಿಗೆ ಮುಲಾಮು, ಇವೆಲ್ಲ ಸ್ವಲ್ಪ ನೆಮ್ಮದಿ ಕೊಡುತ್ತವೆ. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು. ಏದುಸಿರಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ವಾಂತಿ, ಭೇದಿ ಆದ ದಿನವೂ ಫೋನ್ ಮಾಡಿ, ಆಗ ಈ ಮಿತಿಯೂ ನೀರು ಹೊರಹಾಕುವ ಮಾತ್ರೆಯೂ ಬದಲಾಗಬೇಕಾಗಬಹುದು. ಇನ್ನೊಂದು ಮಾತು: ಹೃದಯ ವೈಫಲ್ಯವಿರುವ ಎಲ್ಲರಿಗೂ ನೀರಿನ ಮಿತಿ ಬೇಕಿಲ್ಲ. ಪಕ್ಕದ ಮನೆಯವರ ಮಿತಿಯನ್ನು ಎರವಲು ತರಬೇಡಿ.

ಪ್ರಶ್ನೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಶುರುವಾದ ಮೇಲೆ ಸೊಪ್ಪು ಪೂರ್ತಿ ಬಿಟ್ಟಿದ್ದೇನೆ. ಆದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪರೀಕ್ಷೆ) ಹೊಯ್ದಾಡುತ್ತದೆ.

ಉತ್ತರ: ಬಿಟ್ಟಿದ್ದೂ ಒಂದು ಕಾರಣ ಇರಬಹುದು. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ ನಿಜ. ಆದರೆ ನಿಮ್ಮ ಡೋಸ್ ನಿಗದಿ ಮಾಡುವುದೇ ನಿಮ್ಮ ಊಟ ನೋಡಿಕೊಂಡು. ವಿಟಮಿನ್ ಕೆ ತೀರಾ ಕಡಿಮೆ ತಿನ್ನುವವರಲ್ಲಿ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ. ದಿನವೂ ಬೆಂದ ಸೊಪ್ಪು ಅರ್ಧ ಕಪ್ ಎಂದು ಗೊತ್ತು ಮಾಡಿ, ಮೊದಲೇ ವೈದ್ಯರಿಗೆ ಹೇಳಿ ಶುರುಮಾಡಿ, ಮುಂದಿನ ಕೆಲವು ವಾರ ಐಎನ್‌ಆರ್ ಪದೇಪದೇ ನೋಡಿಸಿ. ಒಂದು ವಾರ ಬರೀ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ, ಇದೇ ಕೆಡುಕು. ಜ್ವರ ಬಂದು ನಾಲ್ಕು ದಿನ ಊಟ ಸೇರದಿದ್ದರೂ, ಹೊಸ ಆ್ಯಂಟಿಬಯೋಟಿಕ್ ಶುರುವಾದರೂ ಐಎನ್‌ಆರ್ ಏರಬಹುದು. ಹೆಪ್ಪು ತಡೆಯುವ ಬೇರೆ ಮಾತ್ರೆಗಳಾದ ಅಪಿಕ್ಸಬಾನ್, ಡಾಬಿಗಟ್ರಾನ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಲೆಕ್ಕ ಅನ್ವಯಿಸುವುದಿಲ್ಲ. ರಿವರಾಕ್ಸಬಾನ್‌ನ 15 ಮತ್ತು 20 ಮಿ.ಗ್ರಾಂ ಮಾತ್ರೆಗಳನ್ನು ಮಾತ್ರ ಊಟದ ಜೊತೆಗೇ ನುಂಗಬೇಕು.

ಪ್ರಶ್ನೆ: ಪಾರ್ಶ್ವವಾಯು ಆದ ಮೇಲೆ ಅಮ್ಮನಿಗೆ ನೀರು ನೆತ್ತಿಗೇರುತ್ತದೆ. ನೀರು ಮಂದ ಮಾಡುವ ಪುಡಿ ಕೊಟ್ಟಿದ್ದಾರೆ. ಒಮ್ಮೆ ನೀರಾಗುತ್ತದೆ, ಒಮ್ಮೆ ಗೋಂದಿನಂತಾಗುತ್ತದೆ.

ಉತ್ತರ: ನುಂಗುವ ತೊಂದರೆ ನೋಡುವ ಥೆರಪಿಸ್ಟ್ ಎಷ್ಟನೇ ಮಟ್ಟದ ಮಂದ ಎಂದು ಹೇಳಿದ್ದಾರೆ? ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆಯಲ್ಲಿ ದ್ರವಕ್ಕೆ 0ಯಿಂದ 4ರವರೆಗೆ ಮಟ್ಟಗಳಿವೆ. ಆ ಸಂಖ್ಯೆ ತಿಳಿಯದೆ ಪುಡಿ ಕಲಸಬೇಡಿ. ಮನೆಯಲ್ಲೇ ಪರೀಕ್ಷಿಸಲು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಸಾಕು. ಎಲ್ಲ ಸಿರಿಂಜ್‌ಗಳ ಉದ್ದ ಒಂದೇ ಅಲ್ಲ. 0ಯಿಂದ 10ರ ಗೆರೆವರೆಗೆ 61.5 ಮಿ.ಮೀ. ಇರುವುದನ್ನೇ ಬಳಸಿ. ಒಳಗಿನ ದಂಡ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆಯವರೆಗೆ ತುಂಬಿ. ಬೆರಳು ತೆಗೆದು ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಿ. ಒಳಗೆ 1ರಿಂದ 4 ಮಿ.ಲೀ. ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದೂ ಸ್ವಲ್ಪ ಸೋರಿದ್ದರೆ ಮಟ್ಟ 3. ಏನೂ ಸೋರದಿದ್ದರೆ ಅದು ಮಟ್ಟ 4, ಚಮಚದಲ್ಲಿ ತಿನ್ನಿಸುವಂಥದ್ದು.

ಒಮ್ಮೊಮ್ಮೆ ಒಂದೊಂದು ಥರ ಆಗುವುದು ಕಲಸುವ ರೀತಿಯಿಂದ. ಮೊದಲು ದ್ರವ ಅಳೆಯಿರಿ, 200 ಮಿ.ಲೀ. ಎಂದರೆ ಅಷ್ಟೇ. ಡಬ್ಬಿಯ ಜೊತೆ ಬಂದ ಚಮಚವನ್ನೇ ಬಳಸಿ, ಅದನ್ನೂ ತಲೆತಟ್ಟಿ. ಫೋರ್ಕಿನಿಂದ ತಿರುಗಿಸುತ್ತಾ ಪುಡಿ ಉದುರಿಸಿ. ಆಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಕಾಯಿರಿ. ಎಲ್ಲರೂ ತಪ್ಪುವುದು ಇಲ್ಲೇ. ಇನ್ನೂ ತೆಳ್ಳಗಿದೆ ಎಂದು ಇನ್ನೊಂದು ಚಮಚ ಹಾಕುತ್ತಾರೆ, ಐದು ನಿಮಿಷಕ್ಕೆ ಅದು ಗೋಂದು. ಹಾಲು ಮಂದವಾಗಲು ನೀರಿಗಿಂತ ಹೆಚ್ಚು ಹೊತ್ತು ಬೇಕು. ಪುಡಿ ಪಿಷ್ಟದ್ದಾದರೆ ಇಟ್ಟಷ್ಟೂ ಗಟ್ಟಿಯಾಗುತ್ತದೆ, ಎಂಜಲು ಸೇರಿದರೆ ನೀರಾಗುತ್ತದೆ. ಎಂಜಲು ಚಮಚವನ್ನೇ ಮತ್ತೆಮತ್ತೆ ಲೋಟಕ್ಕೆ ಅದ್ದಿದರೆ ಕೊನೆಯ ಗುಟುಕುಗಳು ತೆಳ್ಳಗಾಗಿರುತ್ತವೆ. ಕ್ಸಾಂಥನ್ ಗಮ್‌ನ ಪುಡಿಗೆ ಈ ತೊಂದರೆ ಇಲ್ಲ.

ಇನ್ನೊಂದು ಎಚ್ಚರ. ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಪಿಷ್ಟದಿಂದ ಮಂದ ಮಾಡಿದ ದ್ರವಕ್ಕೆ ಬೆರೆಸಿದರೆ ಅದು ಮತ್ತೆ ನೀರಿನಂತಾಗುತ್ತದೆ. ಹಾಗೆ ಬೆರೆಸಲೇಬೇಡಿ. ಐಸ್‌ಕ್ರೀಂ, ಜೆಲ್ಲಿ ಗಟ್ಟಿಯಾಗಿ ಕಂಡರೂ ಬಾಯಲ್ಲಿ ನೀರಾಗುತ್ತವೆ. ತೆಳು ಸೂಪಿನಲ್ಲಿ ತೇಲುವ ತರಕಾರಿ ಹೋಳು, ರಸ ಬಿಡುವ ಕಲ್ಲಂಗಡಿ ಇನ್ನೂ ಕಷ್ಟ. ಗಟ್ಟಿಯದನ್ನು ಅಗಿಯುತ್ತಿರುವಾಗಲೇ ತೆಳುವಾದದ್ದು ಗಂಟಲಿಗೆ ಜಾರಿರುತ್ತದೆ.

ಬೆನ್ನು ನೇರ, ಪಾದ ನೆಲದ ಮೇಲೆ, ಟಿವಿ ಬಂದ್. ಟೀ ಚಮಚದಲ್ಲಿ ಕೊಟ್ಟು, ನುಂಗಿದ್ದು ಗಂಟಲಿನಲ್ಲಿ ಕಂಡ ಮೇಲೆ ಮುಂದಿನದ್ದು. ಲಕ್ವ ಹೊಡೆದ ಬದಿಯ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ದಿನಕ್ಕೆರಡು ಸಲ ಹಲ್ಲು, ನಾಲಗೆ ಶುಚಿ ಮಾಡಿ. ಶ್ವಾಸಕೋಶಕ್ಕೆ ಜಾರುವ ಎಂಜಲಿನಲ್ಲಿ ಕೀಟಾಣು ಕಡಿಮೆಯಿದ್ದಷ್ಟೂ ನ್ಯುಮೋನಿಯಾ ಭಯ ಕಡಿಮೆ. ಕೆಮ್ಮು ಬರಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಕೆಲವರಲ್ಲಿ ಸದ್ದಿಲ್ಲದೆ ಒಳಗಿಳಿಯುತ್ತದೆ. ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಊಟದ ನಂತರ ಜ್ವರ ಬರುವುದು ಅದರ ಗುರುತು. ಮಂದ ನೀರು ಯಾರಿಗೂ ರುಚಿಸದು, ಆದ್ದರಿಂದ ಕುಡಿಯುವುದೇ ಕಡಿಮೆಯಾಗುತ್ತದೆ. ಮೂತ್ರ ಕಡು ಹಳದಿಯಾದರೆ ಥೆರಪಿಸ್ಟ್‌ಗೆ ತಿಳಿಸಿ, ಮಟ್ಟ ಇಳಿಸಬಹುದೇ ಎಂದು ನೋಡುತ್ತಾರೆ.

ಪ್ರಶ್ನೆ: ಮಧ್ಯಾಹ್ನ ಊಟವಾಗಿ ಮುಕ್ಕಾಲು ಗಂಟೆಗೆ ಕಣ್ಣು ಕತ್ತಲೆ ಬರುತ್ತದೆ. ಸಕ್ಕರೆ ನೋಡಿದರೆ ಸರಿಯಿದೆ. (ವಯಸ್ಸು 81)

ಉತ್ತರ: ಊಟದ ನಂತರ ಬಿಪಿ ಇಳಿಯುತ್ತಿರಬಹುದು. ಜೀರ್ಣಕ್ಕೆಂದು ರಕ್ತ ಕರುಳಿನ ಕಡೆ ಹರಿದಾಗ ಹೃದಯ, ರಕ್ತನಾಳಗಳು ಅದನ್ನು ಸರಿತೂಗಿಸಬೇಕು. ವಯಸ್ಸಾದಂತೆ, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಪಾರ್ಕಿನ್ಸನ್ ಇದ್ದವರಲ್ಲಿ, ಆ ಚುರುಕು ಇರುವುದಿಲ್ಲ. ಊಟಕ್ಕೆ ಮುಂಚೆ, ಆಮೇಲೆ 30, 60, 90 ನಿಮಿಷಕ್ಕೆ ಕೂತು ಬಿಪಿ ನೋಡಿ ಮೂರು ದಿನ ಬರೆದಿಡಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದೇ ತೊಂದರೆ.

ಒಂದು ದೊಡ್ಡ ಊಟದ ಬದಲು ಎರಡು ಸಣ್ಣ ಊಟ ಮಾಡಿ. ಒಮ್ಮೆಗೆ ಅನ್ನ ಕಡಿಮೆ, ಪಲ್ಯ, ಬೇಳೆ, ಮೊಸರು ಹೆಚ್ಚು. ಹೊಗೆಯಾಡುವಷ್ಟು ಬಿಸಿ ಬೇಡ. ನೀರಿಗೆ ಮಿತಿ ಇಲ್ಲದಿದ್ದರೆ ಊಟಕ್ಕೆ ಕಾಲು ಗಂಟೆ ಮೊದಲು ಎರಡು ಲೋಟ, ಅಂದರೆ 400 ಮಿ.ಲೀ.ನಷ್ಟು ನೀರು ಕುಡಿಯಿರಿ. ಬಿಪಿ ಮಾತ್ರೆಯನ್ನು ಊಟಕ್ಕೆ ಸ್ವಲ್ಪ ಮುಂಚೆ ನುಂಗುತ್ತಿದ್ದರೆ ಹೊತ್ತು ಬದಲಿಸುವ ಬಗ್ಗೆ ವೈದ್ಯರೊಡನೆ ಮಾತಾಡಿ. ಊಟವಾಗಿ ಎರಡು ಗಂಟೆಯೊಳಗೆ ಸ್ನಾನ, ಮೆಟ್ಟಿಲು, ಸ್ಟೂಲ್ ಹತ್ತುವ ಕೆಲಸ ಬೇಡ.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುವವರು ಚಕ್ಕೋತ ತಿನ್ನಬಾರದೇ?

ಉತ್ತರ: ಸಿಮ್ವಾಸ್ಟಾಟಿನ್ ಆದರೆ ಬೇಡ. ಅಟೋರ್ವಾಸ್ಟಾಟಿನ್ ಆದರೆ ಯಾವಾಗಲಾದರೂ ಒಂದೆರಡು ತೊಳೆ ಪರವಾಗಿಲ್ಲ, ದಿನಾ ರಸ ಕುಡಿಯಬೇಡಿ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತದಲ್ಲಿರುವ ಅಂಶ ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ, ಆಗ ಔಷಧ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಇದರ ಪರಿಣಾಮ ಒಂದು ದಿನಕ್ಕೂ ಹೆಚ್ಚು ಉಳಿಯುವುದರಿಂದ ‘ಹಣ್ಣು ಬೆಳಿಗ್ಗೆ, ಮಾತ್ರೆ ರಾತ್ರಿ’ ಎಂಬ ಉಪಾಯ ನಡೆಯುವುದಿಲ್ಲ. ರೋಸುವಾಸ್ಟಾಟಿನ್‌ಗೆ ಈ ತಕರಾರಿಲ್ಲ. ಬಿಪಿಗೆ ಕೊಡುವ ನಿಫೆಡಿಪಿನ್, ಫೆಲೋಡಿಪಿನ್‌ಗೆ ಇದೆ.

ಪ್ರಶ್ನೆ: ಗೌಟ್ (ಯೂರಿಕ್ ಆಮ್ಲದಿಂದ ಕೀಲು ಊದಿ ನೋಯುವ ಕಾಯಿಲೆ) ಇದೆ. ಬೇಳೆಕಾಳು ಬಿಡಬೇಕೇ?

ಉತ್ತರ: ಬೇಡ. ಕಾಳು, ತರಕಾರಿಯಲ್ಲಿರುವ ಪ್ಯೂರಿನ್‌ನಿಂದ (ಮೈಯಲ್ಲಿ ಯೂರಿಕ್ ಆಮ್ಲವಾಗುವ ಅಂಶ) ಗೌಟ್ ಹೆಚ್ಚಿದ್ದು ಕಂಡುಬಂದಿಲ್ಲ. ಯಕೃತ್ತು, ಮೂತ್ರಪಿಂಡದಂಥ ಅಂಗಮಾಂಸ, ಬಿಯರ್, ಸಕ್ಕರೆ ಹಾಕಿದ ತಂಪು ಪಾನೀಯಗಳನ್ನು ಬಿಡಿ. ಕೆನೆ ತೆಗೆದ ಹಾಲು, ಮೊಸರು ಒಳ್ಳೆಯದು. ಉಪವಾಸ ಬೇಡ, ಹಸಿದು ಮೈ ಒಣಗಿದಾಗಲೂ ಯೂರಿಕ್ ಆಮ್ಲ ಏರುತ್ತದೆ. ಬಿಪಿಗೆಂದು ಹೈಡ್ರೋಕ್ಲೋರೋಥಯಾಜೈಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ನೆನಪಿಸಿ, ಕಾಲ್ಬೆರಳು ಊದಲು ಊಟಕ್ಕಿಂತ ಆ ಮಾತ್ರೆಯೇ ಕಾರಣವಿರಬಹುದು.